ಅನುಮಾನಕ್ಕೆ ಹೆಸರು ಬೇಡವಂತೆ

ಪತ್ರ: "ಸಂಪಾದಕರೇ, ಹಿಂದಿನ ಸಂಚಿಕೆಯಲ್ಲಿ ಐದು ಸೆಟ್‌ಗಳ ಟೆನಿಸ್ ಪಂದ್ಯಗಳನ್ನು ಹಾಡಿ ಹೊಗಳಿದ್ದೀರಿ. ಐದಾರು ಗಂಟೆ ಓಡಿ, ಒಂದು ದಿನ ಬಿಟ್ಟು ಮತ್ತೆ ಓಡುವುದು ಉದ್ದೀಪನ ಮದ್ದಿಲ್ಲದೆ ಸಾಧ್ಯವೇ? ಸಿಕ್ಕಿಬಿದ್ದವರೆಲ್ಲ ಒಂದೊಂದು ಕಥೆ ಹೇಳಿ ಪಾರಾಗುತ್ತಾರೆ. ನೀವು ಕಣ್ಣು ಮುಚ್ಚಿಕೊಂಡು ಕೂತಿದ್ದೀರಿ. (ನನ್ನ ಹೆಸರು ಹಾಕಬೇಡಿ.)"

ಉತ್ತರ: ಹಾಕಿಲ್ಲ. ಪತ್ರದಲ್ಲಿ ನಾಲ್ಕು ಆಟಗಾರರ ಹೆಸರು ಬರೆದು "ಇವರು ಕಳ್ಳರು" ಎಂದಿದ್ದಿರಲ್ಲ, ಆ ಸಾಲನ್ನೂ ಹಾಕಿಲ್ಲ. ನಿಮ್ಮ ಹೆಸರಿಗಿರುವ ಮರ್ಯಾದೆ ಅವರ ಹೆಸರಿಗೂ ಇರಲಿ ಅಂತ.

ಅನುಮಾನವೇ ತಪ್ಪು ಅನ್ನುತ್ತಿಲ್ಲ. 1998ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದ ಪೆಟ್ರ್ ಕೋರ್ಡಾ ಅದೇ ವರ್ಷ ವಿಂಬಲ್ಡನ್‌ನಲ್ಲಿ ಸ್ನಾಯು ಬೆಳೆಸುವ ನ್ಯಾಂಡ್ರೊಲೋನ್ ಎಂಬ ಸ್ಟೆರಾಯ್ಡ್‌ಗೆ ಸಿಕ್ಕಿಬಿದ್ದರು. 2005ರ ಫ್ರೆಂಚ್ ಓಪನ್ ಫೈನಲ್ ಆಡಿದ ಮಾರಿಯಾನೊ ಪುವೆರ್ಟಾ ಅಲ್ಲೇ ಸಿಕ್ಕಿಬಿದ್ದರು, ಅದು ಎರಡನೇ ಸಲ. 1997ರಲ್ಲಿ ಮಾದಕ ವಸ್ತು ಸೇವಿಸಿ ಸಿಕ್ಕಿಬಿದ್ದಾಗ ಸುಳ್ಳು ಹೇಳಿ ಪಾರಾದೆ ಅಂತ ಆಂಡ್ರೆ ಅಗಾಸಿ 2009ರಲ್ಲಿ ಆತ್ಮಕಥೆಯಲ್ಲಿ ತಾವೇ ಬರೆದುಕೊಂಡರು. ಕಥೆ ಹೇಳಿ ಪಾರಾಗುವವರು ಇದ್ದಾರೆ, ಒಪ್ಪಿದೆ. ನಿಮ್ಮ ಪಾಲಿಗೆ ಇಷ್ಟು.

ಈಗ ನನ್ನ ಪಾಲು. "ಐದು ಗಂಟೆ ಆಡಿದ, ಹಾಗಾದರೆ ಏನೋ ತಗೊಂಡಿದ್ದಾನೆ" ಅನ್ನೋದು ಯಾವ ಲೆಕ್ಕ ಸ್ವಾಮಿ? 2012ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಜೊಕೊವಿಚ್ ಮತ್ತು ನಡಾಲ್ 5 ಗಂಟೆ 53 ನಿಮಿಷ ಆಡಿದರು. ಬಹುಮಾನದ ಹೊತ್ತಿನಲ್ಲಿ ಭಾಷಣಗಳು ಮುಗಿಯುತ್ತಲೇ ಇಲ್ಲ. ಇಬ್ಬರಿಗೂ ನಿಲ್ಲಲಾಗುತ್ತಿಲ್ಲ. ಒಬ್ಬರು ಬಗ್ಗಿ ಮೊಣಕಾಲು ಹಿಡಿದಿದ್ದರು, ಇನ್ನೊಬ್ಬರು ನೆಟ್‌ಗೆ ಒರಗಿದ್ದರು. ಕೊನೆಗೆ ಯಾರೋ ಕನಿಕರಪಟ್ಟು ಎರಡು ಕುರ್ಚಿ ತಂದಿಟ್ಟರು. ನಿಮಗೆ ಆ ಆರು ಗಂಟೆ ಕಾಣುತ್ತದೆ, ಕುರ್ಚಿ ಕಾಣೋದಿಲ್ಲ.

ಫ್ರಾನ್ಸಿನ ಮಾಜಿ ಸಚಿವೆ ರೋಸ್ಲಿನ್ ಬಾಶ್‌ಲೋ ಅವರಿಗೂ ನಿಮ್ಮ ಹಾಗೇ ಅನುಮಾನ ಬಂದಿತ್ತು. ನಡಾಲ್ ಗಾಯ ಅಂತ ಆಟದಿಂದ ದೂರ ಉಳಿದದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದಕ್ಕೇ ಇರಬೇಕು ಎಂದು 2016ರಲ್ಲಿ ಟಿವಿಯಲ್ಲಿ ಹೇಳಿಬಿಟ್ಟರು. ನಡಾಲ್ ಕೋರ್ಟಿಗೆ ಹೋದರು. 2017ರಲ್ಲಿ ಪ್ಯಾರಿಸ್‌ನ ನ್ಯಾಯಾಲಯ ಅವರಿಗೆ 10,000 ಯೂರೋ ಪರಿಹಾರ ಕೊಡಿಸಿತು. ಆಕೆ ಕನಿಷ್ಠ ತಮ್ಮ ಹೆಸರು, ಮುಖ ಎರಡನ್ನೂ ತೋರಿಸಿಯೇ ಹೇಳಿದ್ದರು ಅನ್ನಿ.

ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ಗೊತ್ತಿದೆಯಾ? ಪಂದ್ಯ ಮುಗಿದದ್ದೇ ಪರೀಕ್ಷೆಯ ಕಡೆಯವರೊಬ್ಬರು ಆಟಗಾರನ ಬೆನ್ನಿಗೆ ಬೀಳುತ್ತಾರೆ. ಆಮೇಲೆ ಸ್ನಾನ, ಸಂದರ್ಶನ ಎಲ್ಲಾ ಅವರ ಕಣ್ಣೆದುರೇ. ಸೀಲ್ ಮಾಡಿದ ಲೋಟಗಳಲ್ಲಿ ಒಂದನ್ನು ಆಟಗಾರನೇ ಆರಿಸಿಕೊಳ್ಳಬೇಕು. ಕನಿಷ್ಠ 90 ಎಂ.ಎಲ್. ಮೂತ್ರ ಬೇಕು. ಅಧಿಕಾರಿ ಎದುರಿಗೆ ನಿಂತು ನೋಡುತ್ತಿರುತ್ತಾರೆ. ಬೆವರಿ ಒಣಗಿದ ಮೈಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ನೀರು ಕುಡಿಯುತ್ತಾ ಕಾಯಬೇಕು. ಬಂದದ್ದನ್ನು ಎ, ಬಿ ಎಂದು ಎರಡು ಬಾಟಲಿಗೆ ತಾನೇ ಸುರಿದು, ಕಟಕಟ ಅನ್ನುವ ಮುಚ್ಚಳ ತಿರುಗಿಸಿ ಬಿಗಿ ಮಾಡಬೇಕು. ಇಷ್ಟೇ ಅಲ್ಲ, ದೊಡ್ಡ ಆಟಗಾರರು ಪರೀಕ್ಷೆಗೆ ದಿನಕ್ಕೆ ಒಂದು ಗಂಟೆ ಎಲ್ಲಿ ಸಿಗುತ್ತೇವೆ ಅಂತ ಮೊದಲೇ ತಿಳಿಸಿರಬೇಕು. ಒಂದು ವರ್ಷದಲ್ಲಿ ಮೂರು ಸಲ ತಪ್ಪಿದರೆ ಅದೂ ಅಪರಾಧ.

ಇಷ್ಟರ ನಡುವೆ ನೆಗಡಿಯೂ ಬರುತ್ತದೆ. ಹೋದ ವಾರ ನನಗೂ ಬಂದಿತ್ತು. ಮಾತ್ರೆಯ ಹಾಳೆಯ ಹಿಂಬದಿಯನ್ನು ಪ್ರೂಫ್ ನೋಡುವ ಭೂತಗನ್ನಡಿ ಹಿಡಿದು ಓದಿದೆ. ಇದ್ದ ಮೂರು ಹೆಸರಲ್ಲಿ ಒಂದಷ್ಟೇ ಪರಿಚಯ. ನಿಷೇಧಿತ ವಸ್ತು ಇದೆಯಾ ಅಂತ ಆಟಗಾರರೂ ಹೀಗೆಯೇ ಓದಬೇಕು. 2013ರಲ್ಲಿ ಕ್ರೊಯೇಷಿಯಾದ ಆಟಗಾರ ಮರಿನ್ ಚಿಲಿಚ್ ಸಿಕ್ಕಿಬಿದ್ದದ್ದು ಗ್ಲೂಕೋಸ್ ಮಾತ್ರೆಯಿಂದ. ಔಷಧದಂಗಡಿಯಿಂದ ತಂದುಕೊಟ್ಟದ್ದು ಅವರ ತಾಯಿ. ಅದರಲ್ಲಿದ್ದದ್ದು ನಿಕೆಥಮೈಡ್, ನಿಷೇಧಿತ ಉತ್ತೇಜಕ. ಚಿಲಿಚ್ ಅದನ್ನು ನಿಕೋಟಿನಮೈಡ್ ಎಂಬ ವಿಟಮಿನ್ ಅಂದುಕೊಂಡರಂತೆ! ಮೂವತ್ತು ವರ್ಷ ಪ್ರೂಫ್ ತಿದ್ದಿದವನು ನಾನು, ಒಂದೆರಡು ಅಕ್ಷರ ಕಣ್ಣಿಗೆ ಹೇಗೆ ಮೋಸ ಮಾಡುತ್ತವೆ ಅಂತ ನನ್ನನ್ನು ಕೇಳಿ. ಆತನಿಗೆ ಒಂಬತ್ತು ತಿಂಗಳ ನಿಷೇಧವಾಯಿತು. ಮೇಲ್ಮನವಿಯಲ್ಲಿ ನಾಲ್ಕಕ್ಕೆ ಇಳಿಯಿತು. ಮರುವರ್ಷ ಯುಎಸ್ ಓಪನ್ ಗೆದ್ದರು.

ನಿಮಗೆ ಸಿಟ್ಟು ಬರಲೇಬೇಕಾದ ಜಾಗ ಬೇರೆ ಇದೆ. ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ರೊಮೇನಿಯಾದ ಆಟಗಾರ್ತಿ ಸಿಮೋನಾ ಹಾಲೆಪ್‌ ಅವರನ್ನು 2022ರ ಅಕ್ಟೋಬರ್‌ನಲ್ಲಿ ಅಮಾನತು ಮಾಡಿದರು. ತೀರ್ಪು ಬರಲು ಮುಂದಿನ ಸೆಪ್ಟೆಂಬರ್ ಆಯಿತು: ನಾಲ್ಕು ವರ್ಷ. 2024ರ ಮಾರ್ಚ್‌ನಲ್ಲಿ ಲೂಸಾನ್‌ನ ಕ್ರೀಡಾ ನ್ಯಾಯಾಲಯ ಅದನ್ನು ಒಂಬತ್ತು ತಿಂಗಳಿಗೆ ಇಳಿಸಿತು. ಅಷ್ಟರಲ್ಲಿ ಆಕೆ ಸುಮಾರು ಹದಿನೇಳು ತಿಂಗಳು ಮನೆಯಲ್ಲಿ ಕೂತಾಗಿತ್ತು. ಜಾಸ್ತಿ ಕೂತ ಎಂಟು ತಿಂಗಳನ್ನು ಯಾರು ವಾಪಸ್ ಕೊಡುತ್ತಾರೆ? 2025ರಲ್ಲಿ ನಿವೃತ್ತಿ.

ಇತ್ತ ಇಟಲಿಯ ಆಟಗಾರ ಯಾನಿಕ್ ಸಿನ್ನರ್ 2024ರ ಮಾರ್ಚ್‌ನಲ್ಲಿ ಎರಡು ಸಲ ಕ್ಲೊಸ್ಟೆಬಾಲ್ ಎಂಬ ನಿಷೇಧಿತ ಸ್ಟೆರಾಯ್ಡ್‌ಗೆ ಸಿಕ್ಕಿಬಿದ್ದರು. ಫಿಸಿಯೋ ತನ್ನ ಬೆರಳಿನ ಗಾಯಕ್ಕೆ ಹಾಕಿಕೊಂಡ ಸ್ಪ್ರೇ, ಮಸಾಜ್ ಮಾಡುವಾಗ ಸಿನ್ನರ್ ಮೈಗೆ ಇಳಿಯಿತು ಎಂಬ ವಿವರಣೆ. ನಾನು ಅದನ್ನು ನಂಬುತ್ತೇನೆ, ನೀವು ನಗಬಹುದು. ಆದರೆ ಅವರ ವಕೀಲರು ಕೆಲವೇ ದಿನಗಳಲ್ಲಿ ಉತ್ತರ ಕೊಟ್ಟರು, ಅಮಾನತು ತೆರವಾಯಿತು. ಆಗಸ್ಟ್‌ವರೆಗೆ ಹೊರಗೆ ಯಾರಿಗೂ ಸುದ್ದಿಯೇ ಇಲ್ಲ. ಆಮೇಲೆ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾ ಜೊತೆ ರಾಜಿಯಾಗಿ 2025ರಲ್ಲಿ ಮೂರು ತಿಂಗಳ ನಿಷೇಧ, ಅದೂ ವರ್ಷದ ನಾಲ್ಕು ದೊಡ್ಡ ಟೂರ್ನಿಗಳಾದ ಗ್ರ್ಯಾನ್ ಸ್ಲಾಮ್‌ಗಳಲ್ಲಿ ಒಂದೇ ಒಂದೂ ತಪ್ಪದ ಮೂರು ತಿಂಗಳು. ಜುಲೈನಲ್ಲಿ ವಿಂಬಲ್ಡನ್ ಗೆದ್ದರು.

ಇದೇ ಸ್ಪ್ರೇ ಮುನ್ನೂರನೇ ರ‍್ಯಾಂಕಿನ ಹುಡುಗನ ಮೈಗೆ ಇಳಿದಿದ್ದರೆ? ಅವನಿಗೆ ಫಿಸಿಯೋನೇ ಇರೋದಿಲ್ಲ ಬಿಡಿ, ವಕೀಲ ಎಲ್ಲಿಂದ ಬರಬೇಕು? ತಿಂದ ಪೌಷ್ಟಿಕ ಪುಡಿಯನ್ನು ಲ್ಯಾಬಿಗೆ ಕಳಿಸಿ ತಪ್ಪು ನನ್ನದಲ್ಲ ಅಂತ ಸಾಬೀತು ಮಾಡುವ ಹೊಣೆಯೂ ಅವನದೇ. ನಿಯಮ ಎಲ್ಲರಿಗೂ ಒಂದೇ, ಖರ್ಚು ಮಾಡುವ ತಾಕತ್ತು ಒಂದೇ ಅಲ್ಲ. ನಿಮ್ಮ ಉದ್ದನೆಯ ಪತ್ರದಲ್ಲಿ ಇವನ ಬಗ್ಗೆ ಒಂದು ಸಾಲೂ ಇಲ್ಲ.

ಪತ್ರಿಕೆಯವರದ್ದೂ ತಪ್ಪಿದೆ. ಹಾಲೆಪ್‌ಗೆ ನಾಲ್ಕು ವರ್ಷ ನಿಷೇಧ ಎಂಬುದನ್ನು ನಾವೇ ಅರ್ಧ ಪುಟ, ಫೋಟೋ ಸಮೇತ ಹಾಕಿದ್ದೆವು. ಅದು ಒಂಬತ್ತು ತಿಂಗಳಾದ ಸುದ್ದಿ ಎಲ್ಲಿ ಅಂತ ಮೊನ್ನೆ ಹಳೆಯ ಸಂಚಿಕೆ ತೆಗೆದು ಹುಡುಕಿದೆ. ಒಂದು ಜಾಹೀರಾತಿನ ಕೆಳಗೆ ಆರು ಸಾಲು ಸಿಕ್ಕಿತು. ಹೆಸರಿನ ಕಾಗುಣಿತವೂ ತಪ್ಪು.

ನಿಮ್ಮ ಆ ನಾಲ್ಕು ಹೆಸರು ನನ್ನ ಡ್ರಾಯರಿನಲ್ಲಿ ಭದ್ರವಾಗಿವೆ. ಆಧಾರ ಏನಿದೆಯೋ ಕಳಿಸಿ, ಓದುತ್ತೇನೆ. ಕೆಳಗೆ ನಿಮ್ಮ ಸಹಿಯೂ ಇರಲಿ.

— ಸಂ.