ಮಗಳಿಗೆ ಹತ್ತು ಸಾವಿರದೊಳಗೆ 525 ಎಕ್ಸ್ ಟೆಲಿಸ್ಕೋಪ್ ಎರಡು ನೋಡಿಟ್ಟಿದ್ದೇನೆ, ಎರಡರಲ್ಲಿ ಯಾವುದು ತಗೊಳ್ಳಲಿ?

ಎರಡೂ ಬೇಡ.

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಒಂಬತ್ತು ವರ್ಷದ ಮಗಳು, ಅಪಾರ್ಟ್‌ಮೆಂಟ್ ಬಾಲ್ಕನಿ, ಮುಂದಿನ ತಿಂಗಳು ಹುಟ್ಟುಹಬ್ಬ, ಬಾಕ್ಸ್ ಮೇಲೆ ದೊಡ್ಡದಾಗಿ 525 ಎಕ್ಸ್, ಅಂದರೆ 525 ಪಟ್ಟು ದೊಡ್ಡದಾಗಿ ತೋರಿಸುತ್ತೆ ಅನ್ನೋ ಮಾತು. 2020ರ ಡಿಸೆಂಬರ್‌ನಲ್ಲಿ ನಾನೂ ಇದೇ ಪಾಡಿನಲ್ಲಿದ್ದೆ. ಮಗಳ ಬದಲು ಮಗ, ಹುಟ್ಟುಹಬ್ಬದ ಬದಲು ಗುರು ಮತ್ತು ಶನಿ. ನಂಬರ್ ಮಾತ್ರ ಅದೇ.

ಆ ವರ್ಷ ಡಿಸೆಂಬರ್ 21ರ ಸಂಜೆ ಗುರು, ಶನಿ ಎರಡೂ ಹೆಚ್ಚುಕಡಿಮೆ ಅಂಟಿಕೊಂಡ ಹಾಗೆ ಕಾಣಿಸಿದ್ದವು, ನೆನಪಿದೆಯಾ? ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಇವೆರಡೂ ಜೊತೆಯಾಗುತ್ತವೆ. ಆದರೆ ಅಷ್ಟು ಹತ್ತಿರ ಬರುವುದು ಅಪರೂಪ. 1623ರಲ್ಲಿ ಬಂದಿದ್ದವು, ಆಗ ಸೂರ್ಯನ ಪಕ್ಕದಲ್ಲೇ ಇದ್ದುದರಿಂದ ನೋಡುವುದು ಕಷ್ಟವಿತ್ತು. ಇನ್ನೊಮ್ಮೆ ಅಷ್ಟು ಹತ್ತಿರ ಬರುವುದು 2080ರಲ್ಲಿ. ಮಗ ಎಂಟು ವರ್ಷದವನು, ಆನ್‌ಲೈನ್ ಕ್ಲಾಸಿನಲ್ಲಿ ಕೂತು ಕೂತು ಬೇಸತ್ತಿದ್ದ. ಇದನ್ನು ತೋರಿಸಲೇಬೇಕು ಅಂತ ರಾತ್ರೋರಾತ್ರಿ ಆರ್ಡರ್ ಮಾಡಿದೆ. ಮೂರ್ನಾಲ್ಕು ಮಾಡೆಲ್ ಹೋಲಿಸಿ ನೋಡಿದ್ದೆ, ಆದರೆ ನೋಡಿದ್ದು ಒಂದೇ ವಿಷಯ: ಯಾವುದರಲ್ಲಿ ಎಕ್ಸ್ ಜಾಸ್ತಿ ಇದೆ.

ಅವತ್ತು ಸಂಜೆ ತುಮಕೂರಿನ ನಮ್ಮ ಮನೆ ತಾರಸಿಗೆ ಅದನ್ನು ಹೊತ್ತುಕೊಂಡು ಹೋದೆವು. ಮಾಸ್ಕ್ ಹಾಕಿಕೊಂಡು ಅಕ್ಕಪಕ್ಕದವರೂ ಬಂದರು. ಕೆಳಮನೆಯ ಅಜ್ಜಿಯೊಬ್ಬರು, "ಶನಿಯನ್ನ ಯಾಕಪ್ಪಾ ಹುಡುಕ್ಕೊಂಡು ಹೋಗ್ತೀಯ, ಅವನೇ ಮನೆಗೆ ಬರ್ತಾನೆ" ಅಂದರು. ಎಲ್ಲರೂ ನಕ್ಕರು. ನೈಋತ್ಯದ ಕಡೆ ಎರಡೂ ಗ್ರಹ ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತಿದ್ದವು. ಎಂಟು ಗಂಟೆ ಹೊತ್ತಿಗೆ ಮುಳುಗಿಬಿಡುತ್ತವೆ, ಅಂದರೆ ಕೈಯಲ್ಲಿದ್ದದ್ದು ಒಂದೂವರೆ ಗಂಟೆ.

ಈಗ ನಾನು ಮಾಡಿದ ಕೆಲಸ ಕೇಳಿ. ಬಾಕ್ಸ್‌ನಲ್ಲಿ ಮೂರು ಐಪೀಸ್ (ಕಣ್ಣಿಡುವ ಕಡೆ ಸಿಕ್ಕಿಸುವ ಪುಟ್ಟ ಲೆನ್ಸ್) ಇದ್ದವು: 20, 12.5 ಮತ್ತು 4 ಮಿ.ಮೀ. ಜೊತೆಗೆ 3 ಎಕ್ಸ್ ಬಾರ್ಲೋ ಅನ್ನೋ ಒಂದು ಲೆನ್ಸ್. ಟೆಲಿಸ್ಕೋಪಿನ ಫೋಕಲ್ ಲೆಂಗ್ತ್, ಅಂದರೆ ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ, 700 ಮಿ.ಮೀ. ಇದನ್ನು ಐಪೀಸಿನ ನಂಬರಿನಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನೋದು ಸಿಗುತ್ತದೆ. 700 ಭಾಗಿಸು 4 ಅಂದರೆ 175. ಅದಕ್ಕೆ ಬಾರ್ಲೋ ಸೇರಿಸಿದರೆ ಮೂರು ಪಟ್ಟು, 525. ಅಷ್ಟೇ ಆ ನಂಬರಿನ ಗುಟ್ಟು. ದುಡ್ಡು ಕೊಟ್ಟಿದ್ದು 525ಕ್ಕೆ ತಾನೇ, ಅದನ್ನೇ ಹಾಕೋಣ ಅಂತ 4 ಮಿ.ಮೀ. ಐಪೀಸಿಗೆ ಬಾರ್ಲೋ ಸಿಕ್ಕಿಸಿ ಕಣ್ಣಿಟ್ಟೆ. ಕಪ್ಪು. ಅಲ್ಲಾಡಿಸಿದೆ. ಮತ್ತೂ ಕಪ್ಪು.

ಯಾಕೆ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ, ನಿಮಗೂ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಜೂಮ್ ಜಾಸ್ತಿ ಆದಷ್ಟೂ ಕಾಣುವ ಆಕಾಶದ ತುಂಡು ಚಿಕ್ಕದಾಗುತ್ತದೆ. ಇಂಥ ಐಪೀಸಿನಲ್ಲಿ 525 ಪಟ್ಟಿಗೆ ಹೋದರೆ ಸಿಗುವುದು ಹುಣ್ಣಿಮೆ ಚಂದ್ರನ ಅಗಲದಲ್ಲಿ ಆರೇಳನೇ ಒಂದು ಭಾಗ. ಅವತ್ತು ಗುರು ಶನಿ ನಡುವೆ ಇದ್ದ ಅಂತರ ಚಂದ್ರನ ಅಗಲದ ಐದನೇ ಒಂದು ಭಾಗ. ಅಂದರೆ ಎಲ್ಲರೂ ನೋಡೋಕೆ ಬಂದಿದ್ದ ಆ ಜೋಡಿ, ನಾನು ಹಾಕಿದ್ದ ಐಪೀಸಿನಲ್ಲಿ ಒಟ್ಟಿಗೆ ಹಿಡಿಸುವಂತೆಯೇ ಇರಲಿಲ್ಲ! ಅದರ ಮೇಲೆ ಭೂಮಿ ತಿರುಗುತ್ತಲೇ ಇರುತ್ತದಲ್ಲ, ಹಾಗಾಗಿ ಗ್ರಹ ಸಿಕ್ಕಿದರೂ 20 ಸೆಕೆಂಡ್ ನಿಲ್ಲುವುದಿಲ್ಲ, ನಾನು ನೋಡಿ, ಮಗನನ್ನು ಕರೆದು, ಅವನು ಸ್ಟೂಲ್ ಹತ್ತುವಷ್ಟರಲ್ಲಿ ಹೊರಟುಹೋಗಿರುತ್ತದೆ. ಕೊಳವೆ ಮುಟ್ಟಿದರೆ ಇಡೀ ಆಕಾಶ ಗಡಗಡ.

ಒಮ್ಮೆ ಸಿಕ್ಕಿತು ಅನ್ನಿ. ಮಬ್ಬು ಹಳದಿ ಉಂಡೆ, ಅಷ್ಟೇ. ಟೆಲಿಸ್ಕೋಪಿನಲ್ಲಿ ಮುಖ್ಯವಾದದ್ದು ಜೂಮ್ ಅಲ್ಲ, ಕನ್ನಡಿ ಅಥವಾ ಮುಂದಿನ ಲೆನ್ಸ್ ಎಷ್ಟು ಅಗಲ ಇದೆ ಅನ್ನೋದು. ಬೆಳಕು ಹಿಡಿಯುವುದು ಅದು. ಆ ಅಗಲದ ಒಂದು ಮಿಲಿಮೀಟರಿಗೆ ಎರಡು ಪಟ್ಟು, ಅದಕ್ಕಿಂತ ಮೇಲೆ ಹೋದರೆ ಪ್ರಯೋಜನವಿಲ್ಲ ಅನ್ನೋದು ಸಾಮಾನ್ಯ ಲೆಕ್ಕ. ನನ್ನದು 76 ಮಿ.ಮೀ., ಅದರ ಮಿತಿ ಸುಮಾರು 150. ಅದರಾಚೆ ಎಲ್ಲಾ ವಾಟ್ಸಾಪ್‌ನಲ್ಲಿ ಬಂದ ಪುಟ್ಟ ಫೋಟೋವನ್ನು ಬೆರಳಲ್ಲಿ ಎಳೆದು ದೊಡ್ಡದು ಮಾಡಿದ ಹಾಗೆ.

20 ಮಿ.ಮೀ. ಐಪೀಸ್ ಒಂದನ್ನೇ ಹಾಕಿದ್ದರೆ 35 ಪಟ್ಟು ಸಿಗುತ್ತಿತ್ತು. ಗುರು, ಅದರ ಚಂದ್ರಗಳು, ಪಕ್ಕದಲ್ಲೇ ಉಂಗುರದ ಶನಿ, ಎಲ್ಲಾ ಒಂದೇ ನೋಟದಲ್ಲಿ. ಗೆಲಿಲಿಯೋ 1610ರಲ್ಲಿ ಗುರುವಿನ ಚಂದ್ರಗಳನ್ನು ಕಂಡಿದ್ದು 20 ಪಟ್ಟಿನ ಆಸುಪಾಸಿನ ಕೊಳವೆಯಲ್ಲಿ. ಆ ಐಪೀಸ್ ನನ್ನ ಜೇಬಿನಲ್ಲೇ ಇತ್ತು, ಮುಚ್ಚಳ ಕೂಡ ತೆಗೆದಿರಲಿಲ್ಲ. ಎಂಟು ಗಂಟೆ ಆಯಿತು, ಗ್ರಹಗಳು ತೆಂಗಿನ ಮರದ ಹಿಂದೆ ಇಳಿದವು, ಮಗ ಅಷ್ಟೊತ್ತಿಗಾಗಲೇ ಕೆಳಗೆ ಹೋಗಿ ಟಿವಿ ಹಾಕಿದ್ದ. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ಈಗಲೂ ಅವನಿಗೆ ಇದರಲ್ಲಿ ಆಸಕ್ತಿ ಇಲ್ಲ, ಕ್ರಿಕೆಟ್ ಅಂದರೆ ಸಾಕು. ನಾನೊಬ್ಬನೇ ಈ ಹುಚ್ಚಿಗೆ ಬಿದ್ದೆ.

ಹಾಗಾಗಿ "ಎರಡರಲ್ಲಿ ಯಾವುದು" ಅನ್ನೋ ಪ್ರಶ್ನೆಯನ್ನೇ ಬಿಡಿ. ನಿಮ್ಮ ಮಗಳಿಗೆ ಈಗ ಟೆಲಿಸ್ಕೋಪೇ ಬೇಡ, ಒಂದು ಬೈನಾಕ್ಯುಲರ್ ಕೊಡಿಸಿ. 10x50 (10 ಪಟ್ಟು, ಮುಂದಿನ ಲೆನ್ಸ್ 50 ಮಿ.ಮೀ. ಅಗಲ) ಅನ್ನೋದನ್ನೇ ಎಲ್ಲರೂ ಹೇಳುತ್ತಾರೆ, ಆದರೆ ಒಂಬತ್ತು ವರ್ಷದ ಕೈಗೆ ಅದು ಭಾರ, 8x40 ಸಾಕು. ತಾರಸಿಯಲ್ಲಿ ಚಾಪೆ ಹಾಸಿ ಮಲಗಿಸಿ ಕೊಡಿ, ಕೈ ನಡುಗುವುದಿಲ್ಲ. ಚಂದ್ರನ ಕುಳಿಗಳು ಕಾಣುತ್ತವೆ. ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಆರೇಳು ನಕ್ಷತ್ರ, ಇದರಲ್ಲಿ ಡಜನ್‌ಗಟ್ಟಲೆ. ಗೋಡೆಗೆ ಒರಗಿಸಿ ಗಟ್ಟಿಯಾಗಿ ಹಿಡಿದರೆ ಗುರುವಿನ ಚಂದ್ರಗಳೂ ಸಿಗುತ್ತವೆ. ಶನಿಯ ಉಂಗುರ ಮಾತ್ರ ಕಾಣಲ್ಲ, ಸುಳ್ಳು ಹೇಳಲ್ಲ. ಅದಕ್ಕೆ ಒಮ್ಮೆ ಬೆಂಗಳೂರಿನ ನೆಹರು ತಾರಾಲಯದಲ್ಲಿ ಟೆಲಿಸ್ಕೋಪ್ ಇಟ್ಟು ತೋರಿಸುವ ದಿನ ಕರೆದುಕೊಂಡು ಹೋಗಿ. 2025ರ ಮಾರ್ಚ್‌ನಲ್ಲಿ ಉಂಗುರದ ಅಂಚು ನಮ್ಮ ಕಡೆ ತಿರುಗಿತ್ತು, ಗೆರೆಯಷ್ಟೇ. ಈಗ ವರ್ಷ ವರ್ಷಕ್ಕೂ ಅಗಲವಾಗುತ್ತಾ ಹೋಗುತ್ತದೆ, ಆತುರ ಏನಿಲ್ಲ.

ಬಾಲ್ಕನಿ ಬಗ್ಗೆಯೂ ಒಂದು ಮಾತು. ಹಗಲೆಲ್ಲಾ ಕಾದ ಕಾಂಕ್ರೀಟು ರಾತ್ರಿ ಬಿಸಿ ಬಿಡುತ್ತಿರುತ್ತದೆ, ಆ ಗಾಳಿಯಲ್ಲಿ ಗ್ರಹ ಕುದಿಯುವ ನೀರಿನೊಳಗೆ ಇದ್ದ ಹಾಗೆ ನಡುಗುತ್ತದೆ. ತಾರಸಿ ಪರವಾಗಿಲ್ಲ, ಬಯಲು ಇನ್ನೂ ಒಳ್ಳೆಯದು.

ಒಂದು ವರ್ಷ ಆದಮೇಲೂ ಅವಳೇ ಕೇಳಿದರೆ ಆಗ ದುಡ್ಡು ಸೇರಿಸಿ 114 ಅಥವಾ 130 ಮಿ.ಮೀ.ನ ಟೇಬಲ್ ಮೇಲಿಡುವ ಡಾಬ್ಸೋನಿಯನ್ (ತಿರುಗುವ ಸರಳ ಪೀಠದ ಮೇಲೆ ಕೂತ ಕನ್ನಡಿ ಟೆಲಿಸ್ಕೋಪ್) ತಗೊಳ್ಳಿ. ಹಲ್ಲಿನ ಚಕ್ರ, ತೂಕದ ಗುಂಡು ಇರುವ ಈಕ್ವಟೋರಿಯಲ್ ಸ್ಟ್ಯಾಂಡ್ ಬೇಡವೇ ಬೇಡ. ಅದನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು, ನಮ್ಮ ಕಡೆ ಅದು ನೆಲದಿಂದ 13 ಡಿಗ್ರಿ ಮೇಲಷ್ಟೇ ಇರುತ್ತದೆ, ಎದುರುಮನೆಯ ನೀರಿನ ಟ್ಯಾಂಕ್ ಸಾಕು ಮುಚ್ಚೋಕೆ. ಸ್ಟ್ಯಾಂಡಿನ ಅಕ್ಷವನ್ನು ಅಷ್ಟು ತಗ್ಗಿಸಿದರೆ ತೂಕದ ಗುಂಡು ಹೋಗಿ ಸ್ಟ್ಯಾಂಡಿನ ಕಾಲಿಗೇ ಬಡಿಯುತ್ತದೆ, ನನ್ನದು ಇವತ್ತಿಗೂ ಬಡಿಯುತ್ತದೆ.

ಇಷ್ಟೊತ್ತಿಗೆ ಆರ್ಡರ್ ಮಾಡಿಬಿಟ್ಟಿದ್ದರೆ ವಾಪಸ್ ಕಳಿಸಿ. ಕಳಿಸೋಕಾಗದಿದ್ದರೆ ಬಾರ್ಲೋವನ್ನೂ 4 ಮಿ.ಮೀ. ಐಪೀಸನ್ನೂ ಬೀರುವಿನಲ್ಲಿ ಹಾಕಿ ಬೀಗ ಹಾಕಿ. ಫೈಂಡರನ್ನು (ಗುರಿ ಹುಡುಕೋಕೆ ಕೊಳವೆಯ ಮೇಲಿರುವ ಪುಟ್ಟ ಸಾಧನ) ಹಗಲಲ್ಲೇ ದೂರದ ಟವರಿನ ತುದಿಗೆ ಹೊಂದಿಸಿಟ್ಟುಕೊಳ್ಳಿ, ಅದೂ ಸೂರ್ಯ ಇರುವ ದಿಕ್ಕು ಬಿಟ್ಟು. ಬಾಕ್ಸಿನಲ್ಲಿ ಐಪೀಸಿಗೆ ತಿರುಗಿಸಿ ಹಾಕುವ ಪುಟ್ಟ ಕಪ್ಪು ಗಾಜಿನ ಸೂರ್ಯ ಫಿಲ್ಟರ್ ಇದ್ದರೆ, ಮಗಳ ಕೈಗೆ ಸಿಗುವ ಮೊದಲೇ ಅದನ್ನು ಕಸಕ್ಕೆ ಹಾಕಿ. ಬಿಸಿಗೆ ಅದು ಸೀಳಿದರೆ ಕಣ್ಣು ಹೋಗುತ್ತದೆ.