ನಂಬುವವರ ಮಾತು, ನಂಬದವರ ಪ್ರಶ್ನೆ

ಕ್ರೈಸ್ತ ವಿಶ್ವಾಸ ಮತ್ತು ದೇವರನ್ನು ನಂಬದವರೊಡನೆ ಮಾತುಕತೆಯ ಬಗ್ಗೆ ಕಾಸರಗೋಡಿನ ಓದುಗರು ಕೇಳಿದ ನಾಲ್ಕು ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಸಹಪಾಠಿಯೊಬ್ಬ ಯುಕ್ತಿವಾದಿ. ‘ಯೇಸು ಎಂಬವನು ಇದ್ದನೆಂಬುದಕ್ಕೇ ದಾಖಲೆಯಿಲ್ಲ, ಬೈಬಲ್ ಬಿಟ್ಟು ಬೇರೇನಿದೆ ತೋರಿಸು’ ಎಂದು ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದಾನೆ. ಏನು ಉತ್ತರಿಸಲಿ?
– ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಅವನು ಕೇಳಿರುವುದು ಚರಿತ್ರೆಯ ಪ್ರಶ್ನೆ. ಉತ್ತರವೂ ಚರಿತ್ರೆಯದ್ದೇ ಆಗಿರಲಿ, ಭಕ್ತಿಯದ್ದಾಗುವುದು ಬೇಡ. ರೋಮಿನ ಇತಿಹಾಸಕಾರ ಟ್ಯಾಸಿಟಸ್, ತಿಬೇರಿಯ ಚಕ್ರವರ್ತಿಯ ಕಾಲದಲ್ಲಿ ಪೊಂತಿಯ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಟ್ಟದ್ದನ್ನು ಕ್ರಿ.ಶ. 116ರ ಸುಮಾರಿಗೆ ಬರೆದಿದ್ದಾನೆ. ಕ್ರೈಸ್ತರನ್ನು ಕಂಡರೆ ಆಗದವನು ಅವನು. ಆದ್ದರಿಂದಲೇ ಆ ಸಾಕ್ಷ್ಯಕ್ಕೆ ತೂಕ ಹೆಚ್ಚು. ಅವನಿಗಿಂತ ಸುಮಾರು 20 ವರ್ಷ ಮೊದಲು ಯೆಹೂದಿ ಲೇಖಕ ಜೋಸೆಫಸ್, ‘ಕ್ರಿಸ್ತನೆನಿಸಿಕೊಂಡ ಯೇಸುವಿನ ಸಹೋದರ’ ಯಾಕೋಬನನ್ನು ಕೊಂದ ಸಂಗತಿ ಹೇಳುತ್ತಾನೆ. ಇವೆರಡನ್ನು ಹೇಳಿ ನಿಲ್ಲಿಸಿ. ಜೋಸೆಫಸನ ಗ್ರಂಥದಲ್ಲಿ ಯೇಸುವನ್ನು ಹೊಗಳುವ ಇನ್ನೊಂದು ಉದ್ದನೆಯ ಭಾಗವಿದೆ. ಅದಕ್ಕೆ ಮುಂದೆ ಕ್ರೈಸ್ತ ಲಿಪಿಕಾರರು ಕೈಹಾಕಿದ್ದಾರೆ ಎಂಬುದು ಬಹುಪಾಲು ವಿದ್ವಾಂಸರ ಮತ. ಅದನ್ನು ಹಿಡಿದುಕೊಂಡು ಹೋದರೆ, ಓದಿಕೊಂಡ ಗೆಳೆಯ ಅಲ್ಲೇ ಹಿಡಿಯುತ್ತಾನೆ; ಆಮೇಲೆ ನಿಮ್ಮ ಸರಿಯಾದ ಮಾತನ್ನೂ ನಂಬುವುದಿಲ್ಲ.

ಈ ದಾಖಲೆಗಳು ಎಲ್ಲಿಯವರೆಗೆ ಬರುತ್ತವೆ ಎಂಬುದು ನಿಮಗೇ ಮೊದಲು ಸ್ಪಷ್ಟವಿರಬೇಕು. ಯೇಸು ಬದುಕಿದ್ದ, ಪಿಲಾತನ ಕೈಕೆಳಗೆ ಸತ್ತ ಎಂಬಲ್ಲಿಯವರೆಗೆ ಬರುತ್ತವೆ. ಮೂರನೆಯ ದಿನ ಎದ್ದ ಎಂಬುದಕ್ಕೆ ರೋಮಿನ ದಾಖಲೆ ಇಲ್ಲ. ಯೇಸು ಸತ್ತ ಸುಮಾರು 25 ವರ್ಷಗಳೊಳಗೆ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಎದ್ದವನನ್ನು ಕಂಡವರ ಪಟ್ಟಿಯೇ ಇದೆ. ಆದರೆ ಅದು ನಂಬಿದವರ ಸಾಕ್ಷ್ಯ. ಆ ಸಾಕ್ಷ್ಯವನ್ನು ನಾನು ಒಪ್ಪಿದ್ದೇನೆ, ಇಲ್ಲಿಂದ ಮುಂದಿನದು ನನ್ನ ವಿಶ್ವಾಸ ಎಂದು ಬಾಯಿಬಿಟ್ಟು ಹೇಳಿ. ಚರಿತ್ರೆ, ಸಭೆಯ ಬೋಧನೆ, ಸ್ವಂತ ಅನುಭವ ಈ ಮೂರನ್ನೂ ಕಲಸಿ ಒಂದೇ ಉಸಿರಿನಲ್ಲಿ ಹೇಳುವುದರಿಂದಲೇ ಹೆಚ್ಚಿನ ಚರ್ಚೆಗಳು ಕೆಡುತ್ತವೆ.

ಫಾರ್ವರ್ಡ್ ಸಂದೇಶಗಳನ್ನು ಮುಟ್ಟಲೇಬೇಡಿ. ಸೂರ್ಯ ನಿಂತನೆಂದು ಬೈಬಲ್ ಹೇಳುವ ಯೆಹೋಶುವನ ಕಾಲದ ‘ಕಳೆದುಹೋದ ದಿನ’ವನ್ನು ನಾಸಾ ಕಂಪ್ಯೂಟರಿನಲ್ಲಿ ಪತ್ತೆಹಚ್ಚಿತು ಎಂಬುದು ಕಟ್ಟುಕತೆ. ಡಾರ್ವಿನ್ ಮರಣಶಯ್ಯೆಯಲ್ಲಿ ತನ್ನ ಸಿದ್ಧಾಂತ ಬಿಟ್ಟು ಕ್ರಿಸ್ತನತ್ತ ತಿರುಗಿದ ಎಂಬ ಕತೆಯನ್ನು ಅವನ ಮಗಳೇ 1922ರಲ್ಲಿ ಅಲ್ಲಗಳೆದಳು. ಸತ್ಯದ ಹೆಸರಿನಲ್ಲಿ ಸುಳ್ಳು ಹಂಚುವುದು ಪಾಪವೇ. ವಿಜ್ಞಾನದ ಮಾತು ಬಂದರೆ ನಿಜವನ್ನೇ ಹೇಳಬಹುದು: ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಮಂಡಿಸಿದ ಜಾರ್ಜ್ ಲೆಮೆತ್ರ್ ಕಥೋಲಿಕ ಪಾದ್ರಿ. ಆದರೆ ಅದರಿಂದ ದೇವರಿದ್ದಾನೆಂದು ಸಾಬೀತಾಗುವುದಿಲ್ಲ. ಹಾಗೆಂದು ವಾದಿಸಬಾರದೆಂಬುದು ಸ್ವತಃ ಲೆಮೆತ್ರನ ನಿಲುವೂ ಆಗಿತ್ತು.

ಗುಂಪಿನಲ್ಲಿ ಒಂದೇ ಸಾಲು ಬರೆಯಿರಿ: ‘ಒಳ್ಳೆಯ ಪ್ರಶ್ನೆ, ಎದುರು ಕೂತು ಮಾತಾಡೋಣ.’ ನೋಡುವವರಿದ್ದರೆ ಇಬ್ಬರಿಗೂ ಗೆಲ್ಲುವ ಚಟ ಹತ್ತುತ್ತದೆ. ಕೂತಾಗ ಅವನ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿ ಹೇಳಿ, ‘ಹೌದು, ನಾನು ಕೇಳಿದ್ದು ಇದನ್ನೇ’ ಎಂದು ಅವನು ಒಪ್ಪಿದ ಮೇಲೆಯೇ ಉತ್ತರ ಶುರುಮಾಡಿ. ಒಂದು ಸಲಕ್ಕೆ ಒಂದೇ ವಿಷಯ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಓದಿಕೊಂಡು ಬಂದು ಹೇಳಿ. ಕೇಳಿದವರಿಗೆ ಉತ್ತರ ಹೇಳಲು ಸಿದ್ಧರಾಗಿರಿ ಎಂದ ಪೇತ್ರನ ಮೊದಲ ಪತ್ರ, ಸೌಮ್ಯತೆ, ಗೌರವಗಳಿಂದ ಹೇಳಿ ಎಂಬುದನ್ನೂ ಅದೇ ವಾಕ್ಯಕ್ಕೆ ಸೇರಿಸಿದೆ.

ಪ್ರಶ್ನೆ: ಪಕ್ಕದ ಮನೆಯ ತಾಯಿ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತಳಾದ ಮಗಳನ್ನು ಸಾಕುತ್ತಿದ್ದಾರೆ. ‘ದೇವರು ಇದ್ದಿದ್ದರೆ ಹೀಗಾಗುತ್ತಿತ್ತೇ?’ ಎಂದರು. ‘ಎಲ್ಲ ದೇವರ ಚಿತ್ತ’ ಎಂದೆ. ಅಂದಿನಿಂದ ಮಾತಿಲ್ಲ.
– ಓದುಗರು, ಎಣ್ಮಕಜೆ

ಉತ್ತರ: ಅವರು ಮಾತು ಬಿಟ್ಟದ್ದರಲ್ಲಿ ಅನ್ಯಾಯವೇನಿಲ್ಲ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಸುರಿಸಿದ್ದು ಮನುಷ್ಯರ ತೀರ್ಮಾನ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೇ ನಿಷೇಧಿಸಿತು. ಅದನ್ನು ದೇವರ ಚಿತ್ತ ಎಂದರೆ ಸಿಂಪಡಿಸಿದವರ ಹೊಣೆ ಕಳಚಿ ದೇವರ ಹೆಗಲಿಗೆ ಏರುತ್ತದೆ, ತಾಯಿಯ ಸಿಟ್ಟಿಗೆ ಜಾಗವೇ ಉಳಿಯುವುದಿಲ್ಲ.

ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯ ತೆರೆಯಿರಿ. ಹುಟ್ಟುಕುರುಡನನ್ನು ಕಂಡ ಶಿಷ್ಯರು ‘ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ?’ ಎನ್ನುತ್ತಾರೆ. ಇಬ್ಬರೂ ಅಲ್ಲ ಎನ್ನುತ್ತಾನೆ ಯೇಸು. ‘ದೇವರ ಕಾರ್ಯ ಇವನಲ್ಲಿ ತೋರಿಬರಲಿ’ ಎಂಬ ಮುಂದಿನ ಮಾತನ್ನು ಮಾತ್ರ ಕಿತ್ತುಕೊಂಡು ತಾಯಂದಿರಿಗೆ ಹೇಳುವವರಿದ್ದಾರೆ. ಹಾಗೆ ಮಾಡಬೇಡಿ; ಯೇಸು ಅದನ್ನು ಹೇಳಿ ಸುಮ್ಮನಾಗಲಿಲ್ಲ, ಕೂಡಲೇ ಕೆಸರು ಕಲಸಿ ಅವನ ಕಣ್ಣಿಗೆ ಹಚ್ಚಿದ. ಎಲ್ಲವನ್ನೂ ಕಳೆದುಕೊಂಡು ನರಳಿದ ಬೈಬಲಿನ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದಷ್ಟು ಕಾಲ ಸರಿಯಾಗಿಯೇ ಇದ್ದರು. ಬಾಯಿ ತೆರೆದು ಅವನ ನೋವಿಗೆ ಕಾರಣ ಹುಡುಕತೊಡಗಿದ ಮೇಲೆ ಕೆಟ್ಟರು. ಕೊನೆಯ ಅಧ್ಯಾಯದಲ್ಲಿ ದೇವರು ಗದರಿಸುವುದು ಅವರನ್ನು. ದೇವರ ಎದುರೇ ವಾದಕ್ಕೆ ನಿಂತ ಯೋಬನು ಸರಿಯಾಗಿ ಮಾತಾಡಿದನೆಂದು ದೇವರೇ ಹೇಳುತ್ತಾನೆ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಆ ತಾಯಿಯ ಪ್ರಶ್ನೆ ಬೈಬಲಿನ ಹೊರಗಿನದಲ್ಲ, ಒಳಗಿನದೇ.

ಮನುಷ್ಯನಿಗೆ ದೇವರು ಸ್ವಾತಂತ್ರ್ಯ ಕೊಟ್ಟಿದ್ದಾನೆ, ಕೇಡು ಅದರ ದುರುಪಯೋಗ ಎಂಬ ವಾದ ನಿಮಗೆ ಗೊತ್ತಿರಬಹುದು. ಸಿಂಪಡಿಸಿದವರ ಮಟ್ಟಿಗೆ ಅದು ಸರಿ. ಆದರೆ ಈ ಮಗುವಿಗೇ ಏಕೆ ಎಂಬುದಕ್ಕೆ ಅದು ಉತ್ತರವಲ್ಲ. ಕ್ರೈಸ್ತರಲ್ಲಿ ಅದಕ್ಕೆ ಸಿದ್ಧ ಉತ್ತರವಿಲ್ಲ. ಇರುವುದು ಶಿಲುಬೆಯ ಮೇಲೆ ‘ನನ್ನ ದೇವರೇ, ಯಾಕೆ ಕೈಬಿಟ್ಟೆ?’ ಎಂದು ಕೂಗಿದವನ ಮೇಲಿನ ಭರವಸೆ. ಅವರಾಗಿ ಕೇಳಿದರೆ ಮಾತ್ರ ಇದನ್ನು ಹೇಳಿ.

ಈಗ ಹೋಗಿ ‘ಅಂದು ನಾನು ಹಾಗೆ ಹೇಳಬಾರದಿತ್ತು’ ಎನ್ನಿ, ‘ಆದರೆ’ ಸೇರಿಸಬೇಡಿ. ವೈದ್ಯಕೀಯ ಶಿಬಿರಕ್ಕೆ ಜೊತೆಗೆ ಹೋಗಿ, ಪಿಂಚಣಿಯ ಕಾಗದಪತ್ರ ಮಾಡಿಸಿಕೊಡಿ, ಅವರು ಎರಡು ಗಂಟೆ ಮಲಗಲೆಂದು ಮಗುವಿನ ಹತ್ತಿರ ಕೂರಿ. ಈ ಸಹಾಯಕ್ಕೆ ಕರಪತ್ರ, ಪ್ರಾರ್ಥನಾಕೂಟದ ಆಹ್ವಾನ ಯಾವುದನ್ನೂ ಅಂಟಿಸಬೇಡಿ. ಅಂಟಿಸಿದರೆ ಅದು ಸಹಾಯವಲ್ಲ, ವ್ಯಾಪಾರ. ಪ್ರಾರ್ಥಿಸಬಹುದೇ ಎಂದು ಒಮ್ಮೆ ಕೇಳಬಹುದು. ಬೇಡವೆಂದರೆ ನಿಮ್ಮ ಮನೆಯಲ್ಲೇ ಪ್ರಾರ್ಥಿಸಿ, ಹಾಗೆ ಮಾಡಿದ್ದನ್ನು ಅವರಿಗೆ ತಿಳಿಸಲು ಹೋಗಬೇಡಿ.

ಪ್ರಶ್ನೆ: 19ರ ಮಗ ನಂಬಿಕೆಯಿಲ್ಲ ಎನ್ನುತ್ತಾನೆ, ಇಗರ್ಜಿಗೆ ಬರುವುದಿಲ್ಲ. ಒತ್ತಾಯಿಸಬಹುದೇ?
– ತಾಯಿ, ಮಂಜೇಶ್ವರ

ಉತ್ತರ: ಬೇಡ. ವಿಶ್ವಾಸವು ಒತ್ತಾಯದಿಂದ ಬರಕೂಡದು ಎಂದು ಕಥೋಲಿಕ ಬಿಷಪರ ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿತು. ನಾಸ್ತಿಕತೆ ಹುಟ್ಟುವುದರಲ್ಲಿ ವಿಶ್ವಾಸಿಗಳ ಪಾಲೂ ಸಣ್ಣದಲ್ಲ ಎಂದು ಅದೇ ಸಭೆ ಒಪ್ಪಿಕೊಂಡಿದೆ. ಹಾಗಾಗಿ ಏಕೆ ಬಿಟ್ಟೆ ಎಂದು ಕೇಳಿ, ನಡುವೆ ತಡೆಯದೆ ಕೇಳಿಸಿಕೊಳ್ಳಿ. ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮರಿಯಮ್ಮನ ಜನ್ಮದಿನದ) ಹೊಸಕ್ಕಿ ಊಟಕ್ಕೆ ಅವನ ಎಲೆ ಎಂದಿನಂತೆ ಹಾಕಿ. ಊಟದ ಹೊತ್ತಿಗೆ ನೆಂಟರು ಅವನನ್ನು ಚುಚ್ಚಿ ಮಾತಾಡದಂತೆ ನೋಡಿಕೊಳ್ಳುವ ಕೆಲಸ ನಿಮ್ಮದು.

ಪ್ರಶ್ನೆ: ನಾನು ದೇವರನ್ನು ನಂಬುವವನಲ್ಲ. ಕ್ರೈಸ್ತ ಗೆಳೆಯನ ಮನೆಯ ಊಟ, ಇಗರ್ಜಿಯ ಮದುವೆಗಳಲ್ಲಿ ಹೇಗೆ ನಡೆದುಕೊಳ್ಳಬೇಕೋ ತಿಳಿಯುವುದಿಲ್ಲ.
– ಓದುಗರು, ಉಪ್ಪಳ

ಉತ್ತರ: ಊಟದ ಮೊದಲಿನ ಪ್ರಾರ್ಥನೆ ಚಿಕ್ಕದು. ಆ ಹೊತ್ತು ಸುಮ್ಮನಿದ್ದರೆ ಸಾಕು. ಶಿಲುಬೆಯ ಗುರುತು ಹಾಕುವುದು, ‘ಆಮೆನ್’ ಎನ್ನುವುದು ಬೇಕಿಲ್ಲ. ನಂಬದ ಮಾತನ್ನು ನಿಮ್ಮಿಂದ ಹೇಳಿಸುವುದು ಗೆಳೆಯನಿಗೂ ಒಪ್ಪಿಗೆಯಾಗಬಾರದು. ಇಗರ್ಜಿಯಲ್ಲಿ ಹಿಂದಿನ ಬೆಂಚುಗಳಲ್ಲಿ ಕೂರಿ. ಎಲ್ಲರೂ ಎದ್ದಾಗ ಏಳುವುದು ಮರ್ಯಾದೆ, ಮೊಣಕಾಲೂರಬೇಕಾಗಿಲ್ಲ. ಪೂಜೆಯಲ್ಲಿ ರೊಟ್ಟಿಯ ರೂಪದಲ್ಲಿ ಕೊಡುವ ಪರಮಪ್ರಸಾದದ ಸಾಲಿಗೆ ಮಾತ್ರ ಹೋಗಬೇಡಿ. ಅದು ಎಲ್ಲರಿಗೂ ಹಂಚುವ ತಿಂಡಿಯಲ್ಲ; ಅದು ಕ್ರಿಸ್ತನ ಶರೀರವೆಂದು ನಂಬಿದ ಕಥೋಲಿಕರಿಗೆ ಮಾತ್ರ ಕೊಡುವಂಥದ್ದು. ಕೂತಲ್ಲೇ ಕೂತು, ಸಾಲಿಗೆ ಹೋಗುವವರಿಗೆ ದಾರಿ ಬಿಡಿ. ಆ ರೊಟ್ಟಿಯ ಬಗ್ಗೆ ಪ್ರಶ್ನೆಯಿದ್ದರೆ ಹೊರಗೆ ಬಂದ ಮೇಲೆ ಗೆಳೆಯನನ್ನೇ ಕೇಳಿ.