ತರಬೇತಿ ಮುಗಿಸಿದ ಮಹಿಳೆಯರು ಕೆಲಸಕ್ಕೆ ಏಕೆ ಸೇರುತ್ತಿಲ್ಲ?

ಅಂಚಿನ ಸಮುದಾಯಗಳ ಹೆಣ್ಣುಮಕ್ಕಳಿಗೆ ಆರು ತಿಂಗಳ ಹೊಲಿಗೆ ತರಬೇತಿ ಕೊಟ್ಟರೂ ಹೆಚ್ಚಿನವರು ಕೆಲಸಕ್ಕೆ ಸೇರುತ್ತಿಲ್ಲ, ಪಠ್ಯಕ್ರಮವನ್ನು ಬದಲಿಸಬೇಕೇ ಎಂದು ಕೇಳಿದ್ದೀರಿ. ಇಂತಹ ತರಬೇತಿಗಳನ್ನು ಹಲವು ವರ್ಷ ನಡೆಸಿದವಳಾಗಿ ಹೇಳುವುದಾದರೆ, ಪಠ್ಯಕ್ರಮಕ್ಕೆ ಕೈ ಹಾಕುವ ಮೊದಲು ಕಲಿತವರನ್ನು ಯಾರು ಸೇರಿಸಿಕೊಳ್ಳುತ್ತಾರೆ, ಎಷ್ಟು ಹೊತ್ತಿಗೆ ಹೋಗಿ ಹೇಗೆ ಮರಳಬೇಕು, ಅಲ್ಲಿ ಶೌಚಾಲಯವಿದೆಯೇ, ಮಗುವನ್ನು ಎಲ್ಲಿ ಬಿಡಬೇಕು ಎಂಬುದನ್ನು ವಿಚಾರಿಸಿ.

ನನ್ನ ಮೊದಲ ತಂಡಕ್ಕೆ ನಾನು ಇದಾವುದನ್ನೂ ಕೇಳಿರಲಿಲ್ಲ. ತರಗತಿ ಬೆಳಗ್ಗೆ ಒಂಬತ್ತಕ್ಕೆ ಆರಂಭವಾಗುತ್ತಿತ್ತು. ನೀರು ತುಂಬಿಸಿ, ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳುಹಿಸಿ ಬರುವವರು ದಿನವೂ ತಡವಾಗಿ ಬಂದು, ಮಾತು ಕೇಳಿಸಿಕೊಂಡು, ಕೊನೆಗೆ ಬರುವುದನ್ನೇ ಬಿಟ್ಟರು. ವರದಿಯಲ್ಲಿ ನಾವು ಅದನ್ನು ‘ಆಸಕ್ತಿಯ ಕೊರತೆ’ ಎಂದು ಬರೆದೆವು. ಆ ಸಾಲು ನನಗೆ ಈಗಲೂ ನಾಚಿಕೆ ತರುತ್ತದೆ. ಜಗತ್ತಿನಲ್ಲಿ ಸಂಬಳವಿಲ್ಲದ ಆರೈಕೆ ಕೆಲಸಕ್ಕೆ ತಗಲುವ ಒಟ್ಟು ಗಂಟೆಗಳಲ್ಲಿ ಶೇ. 76.2ರಷ್ಟು ಮಹಿಳೆಯರ ಪಾಲಿಗೇ ಬರುತ್ತದೆ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಲೆಕ್ಕ ಕೊಟ್ಟಿತು. ತರಗತಿಯನ್ನು ಮಧ್ಯಾಹ್ನಕ್ಕೆ ಇಟ್ಟು, ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರನ್ನು ಸಂಬಳಕ್ಕೆ ನೇಮಿಸಿದ ಮೇಲೆ ಹಾಜರಾತಿಯ ದೂರು ಬರಲಿಲ್ಲ.

ಹೊಲಿಗೆಯ ಆಯ್ಕೆಯನ್ನೂ ಮರುಪರಿಶೀಲಿಸಿ. ಒಂದೇ ಬಡಾವಣೆಯ ಮೂವತ್ತು ಮಂದಿಗೆ ಒಂದೇ ಕಸುಬು ಕಲಿಸಿದರೆ ಅವರು ಅದೇ ಕೆಲವು ಗಿರಾಕಿಗಳಿಗಾಗಿ ದರ ಇಳಿಸುತ್ತಾ ಹೋಗುತ್ತಾರೆ. ಮನೆಯಲ್ಲೇ ಪೀಸ್ ಲೆಕ್ಕದಲ್ಲಿ ಹೊಲಿಯುವವರಿಗಂತೂ ದಾರ, ವಿದ್ಯುತ್, ಯಂತ್ರದ ರಿಪೇರಿ ಎಲ್ಲವೂ ಸ್ವಂತ ಖರ್ಚು. ಇವರನ್ನು ಇತರ ಸಂಬಳದಾರರಂತೆಯೇ ಕಾಣಬೇಕೆಂಬ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 177ನೇ ಒಡಂಬಡಿಕೆ 1996ರಲ್ಲೇ ಬಂದಿದ್ದರೂ ಅದನ್ನು ಅನುಮೋದಿಸಿದ ದೇಶಗಳು ಕೆಲವೇ.

ಕೆಲವರಿಗೆ ಹೊಸ ಕಸುಬು ಬೇಕಾಗಿಯೇ ಇರುವುದಿಲ್ಲ. ಕಟ್ಟಡದ ಕೆಲಸದಲ್ಲಿ ಹತ್ತು ವರ್ಷ ಗಾರೆ ಹೊತ್ತು, ಗೋಡೆ ಏಳುವುದನ್ನು ಹತ್ತಿರದಿಂದ ಕಂಡವಳಿಗೆ ಈಗಾಗಲೇ ತಿಳಿದಿರುವುದನ್ನು ಪರೀಕ್ಷಿಸಿ, ಕರಣೆ ಹಿಡಿಯಲು ಕಲಿಸಿ ಪ್ರಮಾಣಪತ್ರ ಕೊಟ್ಟರೆ ‘ಹೆಲ್ಪರ್’ ಕೂಲಿಯಿಂದ ಮೇಸ್ತ್ರಿಯ ಕೂಲಿಗೆ ಏರುವ ದಾರಿಯಾದರೂ ತೆರೆಯುತ್ತದೆ. ಗುತ್ತಿಗೆದಾರರನ್ನು ಒಪ್ಪಿಸುವುದು ಮಾತ್ರ ಕಲಿಸುವುದಕ್ಕಿಂತ ಕಷ್ಟ.

ಮುಂದಿನ ತಂಡಕ್ಕೆ ಮೊದಲು, ಕೆಲಸಕ್ಕೆ ಸೇರದವರ ಮನೆಗಳಿಗೆ ಹೋಗಿ ಕಾರಣ ಕೇಳಿ. ನನಗೆ ದೊರೆತ ಉತ್ತರಗಳಲ್ಲಿ ಹೊಲಿಗೆಯ ಮಾತೇ ವಿರಳವಾಗಿತ್ತು. ಕತ್ತಲಾದ ಮೇಲಿನ ದಾರಿ, ಮೇಲ್ವಿಚಾರಕರ ನಡತೆ ಇವೇ ಮತ್ತೆ ಮತ್ತೆ ಬಂದವು. ಕೆಲಸದ ಜಾಗದ ಕಿರುಕುಳವನ್ನು ಕುರಿತ, ಅದೇ ಕಾರ್ಮಿಕ ಸಂಸ್ಥೆಯ 2019ರ 190ನೇ ಒಡಂಬಡಿಕೆ ಕೆಲಸಕ್ಕೆ ಹೋಗಿಬರುವ ಹಾದಿಯನ್ನೂ ತರಬೇತಿಯಲ್ಲಿರುವವರನ್ನೂ ಒಳಗೊಂಡಿದೆ. ಆದ್ದರಿಂದ ಈ ದೂರುಗಳನ್ನು ಆಲಿಸುವ ಹೊಣೆ ನಿಮ್ಮ ಕೇಂದ್ರದಿಂದಲೇ ಆರಂಭವಾಗಲಿ.